ನನ್ನ 1970ರ ಚಾಲೆಂಜರ್‌ಗೆ ಒಂದೇ ಸೈಡ್ ಮಿರರ್: ಒರಿಜಿನಲ್ ಯಾವ್ದು ಅಂತ ಹೇಗೆ ಪತ್ತೆ ಹಚ್ಚಿದೆ

ನಮ್ಮನೇಲಿರೋದು 1970ರ ಡಾಡ್ಜ್ ಚಾಲೆಂಜರ್, 318 ಕ್ಯೂಬಿಕ್ ಇಂಚಿನ ಎಂಜಿನ್, ಆಟೋಮ್ಯಾಟಿಕ್ ಗೇರು, ಬಣ್ಣ ನೀಲಿ, ಡಾಡ್ಜ್ ಮಾಡ್ತಿದ್ದ ಕ್ರೈಸ್ಲರ್ ಕಂಪನಿಯ ಬಣ್ಣದ ಕೋಡ್ ಲೆಕ್ಕದಲ್ಲಿ ಇಬಿ5. ಇಲ್ಲಿ ಮಿಶಿಗನ್‌ನಲ್ಲಿ ಬೇಸಿಗೆ ಬಂದು ಗಾಡಿ ಆಚೆ ತೆಗೆದ್ರೆ ಸಾಕು ಜನ ನಿಲ್ಲಿಸಿ ಮಾತಾಡಿಸ್ತಾರೆ, ನಮ್ಮ ಕನ್ನಡದೋರ ಪಿಕ್ನಿಕ್‌ಗೆ ತಗೊಂಡ್ಹೋದ್ರಂತೂ ಮೊದಲನೇ ಪ್ರಶ್ನೆ ಮೈಲೇಜ್ ಎಷ್ಟು ಕೊಡುತ್ತೆ, ಎರಡನೇದು ಬಲಗಡೆ ಮಿರರ್ ಎಲ್ಲಿ ಹೋಯ್ತು. ಎಲ್ಲೂ ಹೋಗಿಲ್ಲ, ಈ ಗಾಡಿ ಫ್ಯಾಕ್ಟರಿಯಿಂದ ಆಚೆ ಬಂದಾಗ್ಲೇ ಬಲಗಡೆ ಮಿರರ್ ಇರ್ಲಿಲ್ಲ. ಹಾಗಂತ ನಾನು ತಗೊಂಡಾಗ ಎರಡೂ ಕಡೆ ಇತ್ತು, ಎರಡನ್ನೂ ಬಿಚ್ಚಿ ಎಡಗಡೆ ಮಾತ್ರ ಬೇರೆ ತರದ್ದು ಹಾಕಿದ್ದು ನಾನೇ. ಯಾಕೆ, ಹೇಗೆ ಅಂತ ತುಂಬಾ ಜನ ಕೇಳ್ತಾರೆ, ಅದಕ್ಕೆ ಒಂದ್ಸಲ ಪೂರ್ತಿ ಬರೆದುಬಿಡೋಣ ಅನ್ನಿಸ್ತು.

ಮೊದಲು ಹಿನ್ನೆಲೆ. ಅಮೆರಿಕದಲ್ಲಿ ಅರವತ್ತರ ದಶಕದ ಶುರುವಲ್ಲಿ ಎಷ್ಟೋ ಕಾರುಗಳಿಗೆ ಹೊರಗಿನ ಮಿರರ್ ಅನ್ನೋದೇ ಎಕ್ಸ್‌ಟ್ರಾ ದುಡ್ಡು ಕೊಟ್ಟು ಹಾಕಿಸ್ಕೊಳ್ಳೋ ಸಾಮಾನಾಗಿತ್ತು. 1966ರ ಮಾಡೆಲ್‌ಗಳ ಹೊತ್ತಿಗೆ ಎಡಗಡೆದು ಸ್ಟ್ಯಾಂಡರ್ಡ್ ಆಗಿ ಬರೋಕೆ ಶುರುವಾಯ್ತು, ಆಮೇಲೆ 1968ರ ಜನವರಿ 1ರಿಂದ ಫೆಡರಲ್ ಸ್ಟ್ಯಾಂಡರ್ಡ್ 111 ಅನ್ನೋ ಸರ್ಕಾರದ ಸುರಕ್ಷತಾ ನಿಯಮ ಬಂತು, ಅದ್ರಲ್ಲಿ ಒಳಗಡೆ ಒಂದು ಮತ್ತೆ ಡ್ರೈವರ್ ಪಕ್ಕ ಹೊರಗಡೆ ಒಂದು ಕಡ್ಡಾಯ, ಡ್ರೈವರ್ ಕಡೆ ಗಾಜು ಚಪ್ಪಟೆ ಇರ್ಬೇಕು, ಅಂದ್ರೆ ಹಿಂದಿನ ಗಾಡಿ ಇರೋ ಅಳತೆಗೇ ಕಾಣ್ಬೇಕು. ಬಲಗಡೆದು ಕಡ್ಡಾಯ ಆಗೋದು ಒಳಗಿನ ಮಿರರ್‌ನಲ್ಲಿ ಹಿಂದಗಡೆ ಸಾಕಷ್ಟು ಕಾಣ್ದೇ ಹೋದ್ರೆ ಮಾತ್ರ. ಹಾಗಾಗಿ ಬಲಗಡೆ ಮಿರರ್ ಆಮೇಲೂ ವರ್ಷಗಟ್ಟಲೆ ಆಪ್ಷನ್ ಆಗೇ ಉಳೀತು. ಈಗ ನಾವು ಎಲ್ಲಾ ಗಾಡೀಲೂ ಬಲಗಡೆ ನೋಡ್ತೀವಲ್ಲ, ಉಬ್ಬಿದ ಗಾಜು, ಕೆಳಗಡೆ 'ಕಾಣೋದಕ್ಕಿಂತ ಹತ್ರ ಇದೆ' ಅನ್ನೋ ಎಚ್ಚರಿಕೆ ಸಾಲು, ಅದು ಎಂಬತ್ತರ ದಶಕದ ಕತೆ, ನನ್ನ ಗಾಡಿ ಕಾಲಕ್ಕೆ ಸಂಬಂಧವೇ ಇಲ್ಲ.

ಕಡ್ಡಾಯ ಒಂದೇ ಆದ್ರೂ ಕೊಡ್ತಿದ್ದಿದ್ದು ಮಾತ್ರ ನಾನಾ ತರ. ಷೆವ್ರೊಲೆ ಕಮಾರೋನೇ ತಗೊಳ್ಳಿ, 1967ರಲ್ಲಿ ದುಂಡಗಿನ ತಲೆ, ಮಾರನೇ ವರ್ಷ ಆಯತಾಕಾರ, ಕೂತ್ಕೊಂಡೇ ತಿರುಗಿಸೋ ರಿಮೋಟ್ ಬೇಕಿದ್ರೆ ಆರ್ಡರ್‌ನಲ್ಲಿ ಡಿ33 ಅನ್ನೋ ಕೋಡ್ ಬರೆಸ್ಬೇಕಿತ್ತು. ಫೋರ್ಡ್‌ನೋರು 1969ರ ಮಸ್ಟ್ಯಾಂಗ್ ಮಾಕ್ 1ಗೆ ಬಾಡಿ ಬಣ್ಣದ್ದೇ ಪೇಂಟ್ ಹೊಡೆದ ಜೋಡಿ ರೇಸಿಂಗ್ ಮಿರರ್ ಸ್ಟ್ಯಾಂಡರ್ಡ್ ಆಗೇ ಕೊಟ್ಟರು. ಡಾಡ್ಜ್ ಚಾಲೆಂಜರ್‌ಗೆ 1970ರಲ್ಲಿ ಏನೂ ಕೇಳ್ದೇ ಇದ್ರೆ ಎಡಗಡೆ ಸಾದಾ ಕ್ರೋಮ್ ಮಿರರ್, ಕಿಟಕಿ ಇಳಿಸಿ ಕೈಯಿಂದ ತಿರುಗಿಸೋದು. ಆರ್ಡರ್‌ನಲ್ಲಿ ಜಿ33 ಅನ್ನೋ ಕೋಡ್ ಬರೆಸಿದ್ರೆ ಎಡಗಡೆ ಕ್ರೋಮ್ ರಿಮೋಟ್, ಬಾಗಿಲ ಒಳಗಡೆ ಪುಟ್ಟ ಕಡ್ಡಿ, ಅದನ್ನ ಅಲ್ಲಾಡಿಸಿದ್ರೆ ಗಾಜು ತಿರುಗುತ್ತೆ. ಜಿ31 ಅಂದ್ರೆ ಬಲಗಡೆಗೂ ಒಂದು ಕ್ರೋಮ್, ಅದಕ್ಕೆ ರಿಮೋಟ್ ಇಲ್ಲ. ಜಿ36 ಅಂದ್ರೆ ಬಾಡಿ ಬಣ್ಣದ ಜೋಡಿ ರೇಸಿಂಗ್ ಮಿರರ್, ಎಡಗಡೆದು ರಿಮೋಟ್ ಬಲಗಡೆದು ಕೈಯಿಂದ. ಷೆವ್ರೊಲೆ ಡಿ33 ಮತ್ತೆ ಕ್ರೈಸ್ಲರ್ ಜಿ33 ಎರಡ್ರದ್ದೂ ನಂಬರ್ ಒಂದೇ ಆಗಿರೋದ್ರಿಂದ ಸ್ವಾಪ್ ಮೀಟ್ ಅಂದ್ರೆ ಹಳೇ ಸಾಮಾನಿನ ಸಂತೇಲಿ ಬರೀ 'ಮೂವತ್ಮೂರು ಇದೆಯಾ' ಅಂತ ಕೇಳ್ಬೇಡಿ, ಪೂರ್ತಿ ಕೋಡ್ ಹೇಳಿ.

ನಾನು ತಗೊಂಡಾಗ ಇದ್ದಿದ್ದು ಆ ರೇಸಿಂಗ್ ಜೋಡಿ. ನೋಡೋಕೆ ಚೆನ್ನಾಗೇ ಇತ್ತು, ಗಾಡಿಗೆ ಒಪ್ತಾನೂ ಇತ್ತು, ಮಾರಿದೋರು ಫ್ಯಾಕ್ಟರಿದೇ ಅಂತ ಅಂದ್ಕೊಂಡಿದ್ರು. ಆದ್ರೆ ಇಂಥಾ ಗಾಡೀಲಿ ಯಾರ ಮಾತಿಗಿಂತ್ಲೂ ಮೊದಲು ನೋಡ್ಬೇಕಾಗಿದ್ದು ಫೆಂಡರ್ ಟ್ಯಾಗ್, ಎಡಗಡೆ ಫೆಂಡರ್ ಅಂದ್ರೆ ಮುಂದಿನ ಮಡ್‌ಗಾರ್ಡ್ ಒಳಭಾಗಕ್ಕೆ ಸ್ಕ್ರೂ ಹಾಕಿರೋ ಚಿಕ್ಕ ತಗಡಿನ ಪಟ್ಟಿ, ಗಾಡಿಯ ಜಾತಕ ಅಂತಾನೇ ಅನ್ಕೊಳ್ಳಿ. ಅದನ್ನ ಕೆಳಗಿನ ಸಾಲಿಂದ ಮೇಲಕ್ಕೆ ಓದ್ಬೇಕು. ನಮ್ಮದ್ರಲ್ಲಿ ಕೆಳಗಡೆ ಇ44 ಅಂದ್ರೆ 318 ಎಂಜಿನ್, ಡಿ31 ಅಂದ್ರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಪಕ್ಕದಲ್ಲಿ ಜೆಎಚ್23ಜಿ0ಬಿ ಅಂತ ಶುರುವಾಗೋ ನಂಬರ್, ಅದ್ರಲ್ಲಿ ಸೊನ್ನೆ ಅಂದ್ರೆ 1970, ಬಿ ಅಂದ್ರೆ ಹ್ಯಾಮ್‌ಟ್ರಾಮಿಕ್ ಫ್ಯಾಕ್ಟರಿ. ಮೇಲಿನ ಸಾಲುಗಳಲ್ಲಿ ಆಪ್ಷನ್‌ಗಳು ಅಕ್ಷರದ ಪ್ರಕಾರ ಬರ್ತಾವೆ, ಜಿ ಅಕ್ಷರಕ್ಕೆ ಬಂದಾಗ ಅಲ್ಲಿ ಇದ್ದಿದ್ದು ಜಿ33 ಒಂದೇ. ಜಿ36 ಇಲ್ಲ, ಜಿ31 ಕೂಡ ಇಲ್ಲ. ಹಿಂದಿನ ಸೀಟಿನ ಸ್ಪ್ರಿಂಗ್ ಒಳಗೆ ಬ್ರಾಡ್‌ಕಾಸ್ಟ್ ಶೀಟ್ ಅಂತ ಒಂದು ಕಾಗದ ಸಿಗೋದುಂಟು, ಫ್ಯಾಕ್ಟರಿ ಲೈನ್‌ನಲ್ಲಿ ಕೆಲಸ ಮಾಡೋರು ಅದನ್ನ ನೋಡ್ಕೊಂಡೇ ಸಾಮಾನು ಜೋಡಿಸ್ತಿದ್ದಿದ್ದು, ನಮ್ಮ ಗಾಡೀಲಿ ಅದನ್ನ ಅರ್ಧ ಇಲಿ ತಿಂದಿತ್ತು, ಹಾಗಾಗಿ ಟ್ಯಾಗೇ ಆಧಾರ.

ಟ್ಯಾಗ್ ಹೇಳಿದ್ದನ್ನ ಬಾಗಿಲೂ ಹೇಳ್ಬೇಕು, ಇಲ್ಲಾಂದ್ರೆ ಟ್ಯಾಗ್ ಬೇರೆ ಗಾಡಿದೋ ಬಾಗಿಲು ಬೇರೆ ಗಾಡಿದೋ ಅನ್ನೋ ಅನುಮಾನ ಉಳಿಯುತ್ತೆ. ಎಡಗಡೆ ಮಿರರ್ ಬಿಚ್ಚಿ ರಬ್ಬರ್ ಗ್ಯಾಸ್ಕೆಟ್ ಎತ್ತಿದ್ರೆ ಕೆಳಗಡೆ ಎರಡು ಜೊತೆ ತೂತು. ಒಂದು ಜೊತೆಯ ಅಂಚು ನೀಟಾಗಿ, ಅಂಚಿನ ಒಳಗೂ ಪ್ರೈಮರ್ ಮತ್ತೆ ಹಳೇ ನೀಲಿ ಪೇಂಟ್ ಇಳಿದಿತ್ತು, ಅಂದ್ರೆ ಪೇಂಟ್ ಹೊಡೆಯೋ ಮುಂಚೆನೇ ಮಾಡಿದ ತೂತು. ಇನ್ನೊಂದು ಜೊತೆ ಡ್ರಿಲ್ ಮಾಡಿ ಹಾಗೇ ಬಿಟ್ಟಿದ್ದು, ಅಂಚಲ್ಲಿ ಬರೀ ತಗಡು, ಅದಕ್ಕೆ ತುಕ್ಕು. ಬಲಗಡೆ ಬಾಗಿಲಲ್ಲಿ ಈ ಎರಡನೇ ತರದ್ದು ಮಾತ್ರ ಇತ್ತು. ಇನ್ನೇನು ಬೇಕು ಹೇಳಿ! ಎಡಗಡೆ ಡೋರ್ ಪ್ಯಾನಲ್ ಬಿಚ್ಚಿ ನೋಡಿದ್ರೆ ಹಳೇ ಕೇಬಲ್ ಹಿಡ್ಕೊಳ್ತಿದ್ದ ಕ್ಲಿಪ್ ಕೂಡ ಅದೇ ಜಾಗದಲ್ಲಿ ಕೂತಿತ್ತು. ಈ ತೂತಿನ ಅಂಚು ನೋಡೋ ವಿದ್ಯೆ ಯಾವ ಕಂಪನಿ ಗಾಡಿಗಾದ್ರೂ ನಡೆಯುತ್ತೆ, ಗಾಡಿ ತಗೊಳೋಕ್ ಮುಂಚೆ ಮಿರರ್ ಬಿಚ್ಚೋಕೆ ಬಿಡಲ್ಲ ಅಂದ್ರೂ ಡೋರ್ ಒಳಗಿಂದ ಟಾರ್ಚ್ ಬಿಟ್ಟು ನೋಡ್ಬೋದು.

ಇಲ್ಲಿ ಒಂದು ಮಾತು. ರೇಸಿಂಗ್ ಜೋಡಿ ಹಂಗೇ ಬಿಟ್ರೆ ಗಾಡಿಗೆ ರೇಟ್ ಜಾಸ್ತಿ ಸಿಗುತ್ತೆ, ಸುಮ್ನೆ ಯಾಕೆ ಬಿಚ್ತೀಯ ಅಂತ ಗೆಳೆಯರು ಹೇಳಿದ್ರು. ಆದ್ರೆ ನನ್ನ ಲೆಕ್ಕ ಬೇರೆ. ಈ ಗಾಡಿ ತಯಾರಾದ ಹ್ಯಾಮ್‌ಟ್ರಾಮಿಕ್ ಫ್ಯಾಕ್ಟರಿ, ಡಾಡ್ಜ್ ಮೇನ್ ಅಂತಿದ್ರು, ಅದು 1980ರಲ್ಲಿ ಮುಚ್ಚಿ ಆಮೇಲೆ ಪೂರ್ತಿ ಕೆಡವಿದ್ರು, ಈಗ ಆ ಜಾಗದಲ್ಲಿ ಇರೋದು ಜನರಲ್ ಮೋಟಾರ್ಸ್ ಪ್ಲಾಂಟ್. ಅಲ್ಲಿ ಯಾರೋ ಒಬ್ಬರು ಈ ಬಾಗಿಲಿಗೆ ಜಿ33 ಮಿರರ್ ಹಾಕಿ ಕೇಬಲ್ ಕ್ಲಿಪ್ಪಿಗೆ ಸಿಗಿಸಿದಾರೆ, ಅದು ಆ ಕಟ್ಟಡ ಹೋದ್ಮೇಲೂ ಉಳಿದಿರೋ ಕೆಲಸ. ಯಾರೋ ಒಬ್ಬರು ಷೋರೂಮ್‌ನಲ್ಲಿ ಕೂತು ನನಗೆ ದೊಡ್ಡ ಎಂಜಿನ್ ಬೇಡ, ಆದ್ರೆ ಕೂತಲ್ಲಿಂದ್ಲೇ ಮಿರರ್ ತಿರುಗಿಸೋ ಹಂಗಿರ್ಬೇಕು ಅಂತ ಆರ್ಡರ್ ಬರೆಸಿದಾರೆ. ಇಂಥಾ ಸಾಧಾರಣ 318 ಗಾಡಿಗಳ ನಿಜವಾದ ರೂಪ ಇದೇ, ಎಲ್ಲರೂ ಎಲ್ಲಾನೂ ರೇಸ್ ಕಾರ್ ತರ ಮಾಡ್ತಾ ಹೋದ್ರೆ ಇವು ಹೆಂಗಿದ್ವು ಅಂತ ತೋರ್ಸೋಕೂ ಒಂದು ಉಳಿಯಲ್ಲ. ನನಗೆ ಅದು ರೇಟ್‌ಗಿಂತ ಮುಖ್ಯ.

ಸರಿ, ಮಿರರ್ ಹುಡುಕಿದ ವಿಷಯ. ಹಳೇದರ ತರಾನೇ ಹೊಸದಾಗಿ ಮಾಡಿದ ರಿಪ್ರೊಡಕ್ಷನ್ ಸಿಗುತ್ತೆ, ಆದ್ರೆ ನನಗೆ ಹಳೇದೇ ಬೇಕಿತ್ತು, ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಬೇಸಿಗೆಯಲ್ಲಿ ಕ್ರೈಸ್ಲರ್ ಗಾಡಿಗಳ ದೊಡ್ಡ ಮೇಳ ನಡೆಯುತ್ತೆ, ಅಲ್ಲಿ ಹಳೇ ಸಾಮಾನಿನ ಸಾಲಲ್ಲಿ ಒಂದು ಸಿಕ್ತು. ಕೈಗೆ ತಗೊಂಡಾಗ ನಾನು ನೋಡಿದ್ದು ಕ್ರೋಮ್ ಹೊಳಪಲ್ಲ, ಅದನ್ನ ಆಮೇಲೆ ಮಾಡಿಸ್ಕೋಬೋದು. ಬುಡದ ಅಂಚು ಒಡೆದಿದೆಯಾ, ಸ್ಕ್ರೂ ಕೂರೋ ಮರೆ (ಥ್ರೆಡ್) ಸವೆದಿದೆಯಾ, ಕೇಬಲ್ ಕೊಳವೆ ಎಲ್ಲಾದ್ರೂ ಮುರಿದ ಹಂಗೆ ಮಡಚಿದೆಯಾ, ಒಳಗಡೆ ಕಡ್ಡಿಗೆ ಹಾಕೋ ಕ್ರೋಮ್ ಬಿಲ್ಲೆ ಇದೆಯಾ, ಇವು. ಆ ಬಿಲ್ಲೆ ಇಲ್ದೇ ಇರೋ ಮಿರರ್ ತುಂಬಾ ಬರ್ತಾವೆ, ಅಗ್ಗ ಅಂತ ತಗೊಂಡ್ರೆ ಬಿಲ್ಲೆ ಹುಡುಕೋದೇ ದೊಡ್ಡ ಕೆಲಸ ಆಗುತ್ತೆ.

ರಿಮೋಟ್ ಅಂದ್ರೆ ಕರೆಂಟ್ ಏನೂ ಇಲ್ಲ, ಒಂದು ಕೊಳವೆ ಒಳಗೆ ಮೂರು ತಂತಿ, ಕಡ್ಡಿ ಯಾವ ಕಡೆ ಬಾಗಿಸ್ತೀವೋ ಅದಕ್ಕೆ ತಕ್ಕ ತಂತಿ ಎಳೆಯುತ್ತೆ, ಗಾಜು ಆ ಕಡೆ ವಾಲುತ್ತೆ, ಅಷ್ಟೇ. ಐವತ್ತು ವರ್ಷದ ಗ್ರೀಸ್ ಗಟ್ಟಿಯಾಗಿ ಪೂರಾ ಹಿಡ್ಕೊಂಡಿತ್ತು. ಜೋರಾಗಿ ಬಾಗಿಸಿದ್ರೆ ತಂತಿ ಕಿತ್ತುಬರುತ್ತೆ, ಅದಕ್ಕೆ ಮಿರರ್ ಕೆಳಗೆ ಬರೋ ಹಂಗೆ ನೇತುಹಾಕಿ ಕಡ್ಡಿ ಕಡೆಯಿಂದ ತುಕ್ಕು ಬಿಡಿಸೋ ಎಣ್ಣೆ ತೊಟ್ಟು ತೊಟ್ಟಾಗಿ ಬಿಟ್ಟು, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸ್ವಲ್ಪ ಸ್ವಲ್ಪ ಆಡಿಸ್ತಾ ಬಂದೆ, ಕೊಳೆ ಕಪ್ಪಗೆ ಇಳಿದು ಆಮೇಲೆ ಸಲೀಸಾಯ್ತು. ಗಾಜು ತೆಗೆಯೋಕೆ ಹೇರ್ ಡ್ರೈಯರ್‌ನಲ್ಲಿ ನಿಧಾನಕ್ಕೆ ಬಿಸಿ ಮಾಡಿ ಎತ್ತಿದೆ. ಮೂರು ತಂತಿಯ ತುದಿ ಎಲ್ಲೆಲ್ಲಿ ಕೂತಿವೆ ಅಂತ ಬಿಚ್ಚೋ ಮುಂಚೆ ಫೋಟೋ ತೆಗೆದಿಟ್ಕೊಳ್ಳಿ, ಅದಲು ಬದಲಾದ್ರೆ ಮೇಲೆ ಅಂದ್ರೆ ಪಕ್ಕಕ್ಕೆ ಹೋಗುತ್ತೆ.

ಕ್ರೋಮ್ ಕೆಲಸ ಮನೇಲಿ ಮಾಡೋದಲ್ಲ, ವಿಷದ ರಾಸಾಯನಿಕ, ಅದಕ್ಕೆ ಅಂತಾನೇ ಇರೋ ಅಂಗಡಿಗೇ ಕೊಡ್ಬೇಕು. ಈ ಮಿರರ್ ತಲೆ ಕಬ್ಬಿಣ ಅಲ್ಲ, ಸತುವಿನ ಎರಕ, ಇಲ್ಲಿ ಪಾಟ್ ಮೆಟಲ್ ಅಂತಾರೆ, ಅದ್ರಲ್ಲಿ ಕ್ರೋಮ್ ಕೆಳಗಿಂದ ಚಿಕ್ಕ ಚಿಕ್ಕ ಗುಳಿ ಏಳುತ್ತೆ. ಒಳ್ಳೇ ಅಂಗಡಿಯೋರು ಹಳೇ ಕ್ರೋಮ್, ನಿಕಲ್ ಎಲ್ಲಾ ತೆಗೆದು, ಒಂದೊಂದು ಗುಳಿನೂ ಹೊಳೆಯೋ ಲೋಹ ಕಾಣೋವರೆಗೂ ಕೊರೆದು, ಮೇಲೆ ತಾಮ್ರ ಕೂರಿಸಿ, ಉಜ್ಜಿ, ಮತ್ತೆ ತಾಮ್ರ, ಹಿಂಗೆ ಗುಳಿ ತುಂಬೋವರೆಗೂ ಮಾಡಿ ಆಮೇಲೆ ನಿಕಲ್, ಕೊನೇಲಿ ತೆಳ್ಳಗೆ ಕ್ರೋಮ್. ದುಡ್ಡು ಹೋಗೋದು ಆ ಉಜ್ಜೋ ಕೆಲಸಕ್ಕೆ. ಕೊಡೋವಾಗ ಎರಡು ಮಾತು ಹೇಳಿ: ಸ್ಕ್ರೂ ಮರೆಗಳನ್ನ ಮುಚ್ಚಿ ಪ್ಲೇಟಿಂಗ್ ಮಾಡಿ, ಮತ್ತೆ ಅಂಚಿನ ಗೆರೆಗಳನ್ನ ಜಾಸ್ತಿ ಉಜ್ಜಿ ದುಂಡಗೆ ಮಾಡ್ಬೇಡಿ. ಅಂಚು ಕರಗಿಹೋದ ಮಿರರ್ ಎಷ್ಟು ಹೊಳೆದ್ರೂ ದೂರದಿಂದ್ಲೇ ಗೊತ್ತಾಗುತ್ತೆ.

ಗಾಜು ಮಂಕಾಗಿದ್ರಿಂದ ಚಪ್ಪಟೆ ಗಾಜನ್ನೇ ಅದೇ ಆಕಾರಕ್ಕೆ ಕೊಯ್ಸಿ ಹಾಕ್ದೆ, ಡ್ರೈವರ್ ಕಡೆ ಉಬ್ಬಿದ ಗಾಜು ಹಾಕ್ಬೇಡಿ. ಹಳೇ ಗಾಜನ್ನ ಎಸೆದಿಲ್ಲ, ಅದೂ ಎತ್ತಿಟ್ಟಿದೀನಿ. ಜನರಲ್ ಮೋಟಾರ್ಸ್ ಗಾಡಿ ಇರೋರಿಗೆ ಇದು ಇನ್ನೂ ಮುಖ್ಯ, ಅವರ ಮಿರರ್ ಗಾಜಿನ ಮೇಲೆ ಡಿಎಂಐ ಅಂತ ಸಣ್ಣ ಅಕ್ಷರ ಇದ್ರೆ ಅದು ಇಲ್ಲೇ ಮಿಶಿಗನ್‌ನ ಹಾಲೆಂಡ್ ಊರಿನ ಡಾನಲಿ ಕಂಪನಿದು, ಅಕ್ಷರದ ಜೊತೆ ತಿಂಗಳು ವರ್ಷದ ಅಂಕಿ ಇರುತ್ತೆ, ಆ ತಾರೀಖು ಗಾಡಿ ತಯಾರಾದ ತಾರೀಖಿಗಿಂತ ಸ್ವಲ್ಪ ಮುಂಚೆ ಇದ್ರೆ ಸರಿಯಾಗಿ ಹೊಂದುತ್ತೆ.

ಉಳಿದಿದ್ದು ತೂತು ಮುಚ್ಚೋದು. ಬಲಗಡೆ ಬಾಗಿಲಿಗೆ ಪುಟ್ಟಿ ತುಂಬಿ ಪೇಂಟ್ ಹೊಡೆದ್ರೆ ಒಂದು ಚಳಿಗಾಲಕ್ಕೆ ಬಿರುಕು ಬಿಡುತ್ತೆ. ತೂತಿನ ಅಳತೆಗೆ ತಗಡಿನ ಬಿಲ್ಲೆ ಕತ್ತರಿಸಿ, ಹಿಂದಗಡೆ ತಾಮ್ರದ ಪಟ್ಟಿ ಒತ್ತಿ ಹಿಡಿದು (ತಾಮ್ರಕ್ಕೆ ವೆಲ್ಡ್ ಅಂಟಲ್ಲ), ಒಂದು ಚುಕ್ಕೆ ವೆಲ್ಡ್ ಹಾಕೋದು, ತಣ್ಣಗಾಗೋಕೆ ಬಿಡೋದು, ಇನ್ನೊಂದು ಚುಕ್ಕೆ. ಆತುರ ಮಾಡಿದ್ರೆ ಬಾಗಿಲ ತಗಡು ಸೊಟ್ಟಗಾಗುತ್ತೆ. ನೀಲಿ ಮೆಟಾಲಿಕ್ ಪೇಂಟ್ ಆಗಿರೋದ್ರಿಂದ ಆ ಜಾಗಕ್ಕೆ ಮಾತ್ರ ಹೊಡೆದ್ರೆ ಮಚ್ಚೆ ಕಾಣುತ್ತೆ, ಇಡೀ ಬಾಗಿಲಿಗೆ ಹೊಡೆಸ್ದೆ.

ಬಲಗಡೆ ಮಿರರ್ ಇಲ್ದೇ ಓಡ್ಸೋದು ಭಯ ಆಗಲ್ವಾ ಅಂತ ನಮ್ಮನೆಯವ್ರೂ ಕೇಳಿದ್ರು. ಲೇನ್ ಬದಲಾಯಿಸೋ ಮುಂಚೆ ಕತ್ತು ತಿರುಗಿಸಿ ನೋಡ್ಲೇಬೇಕು, ಛಾವಣಿ ಹೊತ್ತಿರೋ ಹಿಂದಿನ ಕಂಬ ಅಗಲ ಇರೋದ್ರಿಂದ ಎರಡು ಸಲ ನೋಡ್ತೀನಿ, ದೊಡ್ಡ ಹೈವೇಗೆ ಹೋಗಲ್ಲ. ದಿನಾ ಓಡಿಸೋರು, ಮಕ್ಕಳನ್ನ ಕೂರಿಸ್ಕೊಂಡು ದೂರ ಹೋಗೋರು ಆದ್ರೆ ಧಾರಾಳವಾಗಿ ಜಿ31 ತರದ ಕ್ರೋಮ್ ಮಿರರ್ ಬಲಗಡೆ ಹಾಕಿಸ್ಕೊಳ್ಳಿ, ಅದು ಆ ಕಾಲದ್ದೇ ಆಪ್ಷನ್, ಎಡಗಡೆದಕ್ಕೆ ಜೋಡಿನೂ ಆಗುತ್ತೆ.

ಮೈಸೂರಿನ ಗೆಳೆಯನೊಬ್ಬ ಈಗ ಫೋನ್ ಮಾಡ್ತಿರ್ತಾನೆ, ಅವನ ಹತ್ರ ಐವತ್ತರ ದಶಕದ ಪ್ಲಿಮತ್ ಇದೆ, ಬಾಂಬೆ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯೋರು ಕ್ರೈಸ್ಲರ್ ಜೊತೆ ಒಪ್ಪಂದ ಮಾಡ್ಕೊಂಡು ಜೋಡಿಸ್ತಿದ್ದ ಗಾಡಿ. ಸ್ಟೀರಿಂಗ್ ಬಲಗಡೆ ಆದ್ರಿಂದ ಅವನಿಗೆ ಎಲ್ಲಾ ಉಲ್ಟಾ, ಡ್ರೈವರ್ ಕಡೆ ಅಂದ್ರೆ ಬಲಗಡೆ, ಮತ್ತೆ ಆ ಕಾಲದಲ್ಲಿ ಹೊರಗಿನ ಮಿರರ್ ಅಂದ್ರೆ ಬೇಕಾದೋರು ಆಮೇಲೆ ಹಾಕಿಸ್ಕೊಳ್ತಿದ್ದಿದ್ದು. ಗ್ಯಾರೇಜ್‌ನೋರು ಎರಡೂ ಬಾಗಿಲು ಡ್ರಿಲ್ ಮಾಡಿ ಕೊಡ್ತೀವಿ ಅಂತಿದಾರಂತೆ. ಬೇಡ ಕಣೋ, ಮೊದಲು ಬಾಗಿಲ ಒಳಗಡೆ ಮತ್ತೆ ಫೆಂಡರ್ ಕೆಳಗಡೆ ಟಾರ್ಚ್ ಹಾಕಿ ಮುಚ್ಚಿದ ಹಳೇ ತೂತು ಇದೆಯಾ ನೋಡಿ ಫೋಟೋ ಕಳಿಸು, ಇಲ್ದೇ ಇದ್ರೆ ಬಾಗಿಲ ಅಂಚಿಗೆ ಕ್ಲಾಂಪ್ ಆಗೋ ಮಿರರ್ ಹಾಕು, ತೂತೇ ಬೇಕಾಗಲ್ಲ ಅಂದಿದೀನಿ. ಫೋಟೋ ಈ ವಾರ ಬರ್ಬೇಕು.