ಕೊಳ್ಳುವ ಮೊದಲೇ ಮಾರಾಟದ ಲೆಕ್ಕ ಹಾಕಿ

ಮನೆ, ನಿವೇಶನ, ಚಿನ್ನ, ಕಲಾಕೃತಿ, ಕ್ರಿಪ್ಟೊ (ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ) ಹೀಗೆ ಯಾವುದಾದರೊಂದರ ಮೇಲೆ ಹಣ ಹಾಕುವ ಮುನ್ನ ನನ್ನನ್ನು ಕೇಳಲು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಎರಡೇ ಸಂಖ್ಯೆ: ಇವತ್ತಿನ ಬೆಲೆ, ಹತ್ತು ವರ್ಷದ ನಂತರದ ಬೆಲೆ. ನಡುವಿನ ಹತ್ತು ವರ್ಷ ಏನೇನು ಖರ್ಚು, ಕೊನೆಗೆ ಕೊಳ್ಳುವವರು ಯಾರು ಎಂಬುದು ಚೀಟಿಯಲ್ಲಿ ಇರುವುದಿಲ್ಲ. ಕೈ ಸುಟ್ಟುಕೊಂಡವರಲ್ಲಿ ಹೆಚ್ಚಿನವರು ಎಡವಿದ್ದು ಅಲ್ಲೇ. ಒಂದು ನೋಟ್‌ಬುಕ್ ತೆಗೆದುಕೊಂಡು, ಮುಂಗಡ ಕೊಡುವ ಮೊದಲು, ಈ ಕ್ರಮದಲ್ಲಿ ಬರೆಯುತ್ತ ಹೋಗಿ.

1. ಹಣ ಯಾವಾಗ ಬೇಕು?

ಐದು ವರ್ಷದೊಳಗೆ ಬೇಕಾಗುವ ಹಣವನ್ನು ಇಲ್ಲಿ ಹಾಕಲೇಬೇಡಿ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ.

2. ನಿಜವಾದ ಲಾಭ ಲೆಕ್ಕ ಹಾಕಿ

‘ಹತ್ತು ವರ್ಷದಲ್ಲಿ ದುಪ್ಪಟ್ಟಾಯಿತು’ ಎಂದರೆ ವರ್ಷಕ್ಕೆ ಶೇ 7.2ರಷ್ಟು ಬೆಳವಣಿಗೆ, ಅಷ್ಟೇ. ಅದೂ ಖರ್ಚು ಕಳೆಯುವ ಮೊದಲು. 100ಕ್ಕೆ ಕೊಂಡ ಮನೆಗೆ ನೋಂದಣಿ, ಮುದ್ರಾಂಕ ಶುಲ್ಕ, ದಲ್ಲಾಳಿ, ವಕೀಲರು ಎಂದು 8 ಹೋಯಿತೆನ್ನಿ. ತೆರಿಗೆ, ದುರಸ್ತಿ, ನಿರ್ವಹಣೆಗೆ ವರ್ಷಕ್ಕೆ 1. ಹತ್ತು ವರ್ಷದ ನಂತರ 200ಕ್ಕೆ ಮಾರುವಾಗ ಮತ್ತೆ 3. ಬಾಡಿಗೆ ಬರದಿದ್ದರೆ ನಿಮಗೆ ಸಿಕ್ಕಿದ್ದು ವರ್ಷಕ್ಕೆ ಸುಮಾರು ಶೇ 5.5. ಲಾಭದ ಮೇಲಿನ ತೆರಿಗೆ, ಬೆಲೆಯೇರಿಕೆ ಎರಡನ್ನೂ ಇದರಿಂದಲೇ ಕಳೆಯಬೇಕು. ಬಾಡಿಗೆ ಲೆಕ್ಕ ಹಾಕುವುದಾದರೆ ವರ್ಷಕ್ಕೆ ಹತ್ತೇ ತಿಂಗಳು ಹಿಡಿಯಿರಿ. ಹನ್ನೆರಡು ತಿಂಗಳೂ ಮನೆ ತುಂಬಿರುತ್ತದೆ ಎಂದು ನಂಬಬೇಡಿ.

ಬಾಡಿಗೆ ಬಾರದ ವಸ್ತುಗಳಿಗೆ ಈ ಲೆಕ್ಕ ಇನ್ನೂ ಕಠಿಣ. ಚಿನ್ನ 1980ರ ಜನವರಿಯಲ್ಲಿ ಔನ್ಸ್‌ಗೆ 850 ಡಾಲರ್ ಮುಟ್ಟಿತ್ತು. ಮತ್ತೆ ಆ ಬೆಲೆ ಕಂಡಿದ್ದು 2008ರ ಜನವರಿಯಲ್ಲಿ. ಇಪ್ಪತ್ತೆಂಟು ವರ್ಷ, ಒಂದು ಪೈಸೆ ಬಡ್ಡಿಯಿಲ್ಲ. ಚಿನ್ನ ಕೊಳ್ಳಬೇಡಿ ಎನ್ನುತ್ತಿಲ್ಲ. ಎಲ್ಲರೂ ಓಡಿಹೋಗಿ ಕೊಳ್ಳುತ್ತಿರುವ ತಿಂಗಳಲ್ಲಿ ಒಟ್ಟಿಗೇ ಕೊಳ್ಳಬೇಡಿ. ಹೂಡಿಕೆ ಎಂದ ಮೇಲೆ ಒಡವೆಯಂತೂ ಬೇಡ. ಕೊಟ್ಟ ಮಜೂರಿ ಮರಳಿ ಬರುವುದಿಲ್ಲ.

3. ಸಾಲವಿದ್ದರೆ ಬೆಲೆ ಇಳಿದ ದಿನದ ಚಿತ್ರ ಬರೆಯಿರಿ

ನಿಮ್ಮ ಕೈಯಿಂದ 25, ಸಾಲ 75 ಎಂದಿಟ್ಟುಕೊಳ್ಳಿ. ಬೆಲೆ ಐದರಲ್ಲಿ ಒಂದು ಭಾಗ ಇಳಿದು 80 ಆಯಿತು. ಮಾರಿ ಖರ್ಚು 3 ಕಳೆದು, ಸಾಲ ತೀರಿಸಿದರೆ ಉಳಿಯುವುದು 2. ಮನೆಯ ಬೆಲೆ ಶೇ 20 ಇಳಿದರೆ ನಿಮ್ಮ ಗಂಟು ಶೇ 92 ಕರಗುತ್ತದೆ. ‘ಅಷ್ಟರಲ್ಲಿ ಸಾಲ ತೀರಿರುತ್ತದಲ್ಲ’ ಎನ್ನುತ್ತಾರೆ. ಶೇ 9ರ ಬಡ್ಡಿಯ, 20 ವರ್ಷದ ಸಾಲದಲ್ಲಿ ಮೊದಲ ವರ್ಷ ಕಟ್ಟಿದ ಕಂತಿನ ಶೇ 80ಕ್ಕೂ ಹೆಚ್ಚು ಪಾಲು ಬಡ್ಡಿಗೇ ಸಲ್ಲುತ್ತದೆ. ಅಸಲು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಭೂಮಿಯ ಬೆಲೆ ಇಳಿಯುವುದೇ ಇಲ್ಲ ಎಂಬ ಮಾತನ್ನು ಜಪಾನಿನವರೂ ನಂಬಿದ್ದರು. ಅಲ್ಲಿ 1991ರ ಸುಮಾರಿಗೆ ತುದಿ ಮುಟ್ಟಿದ ಬೆಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಹೋಯಿತು. ಅಮೆರಿಕದಲ್ಲಿ 2006ರಿಂದ 2012ರ ನಡುವೆ ಮನೆಗಳ ಬೆಲೆ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು.

ಕ್ರಿಪ್ಟೊ, ಬೆಳ್ಳಿ, ಕಲಾಕೃತಿಗಳಿಗೆ ಸಾಲ ಮಾಡಬೇಡಿ. ಇದಕ್ಕೆ ವಿನಾಯಿತಿ ಕೇಳಬೇಡಿ. ಬಿಟ್‌ಕಾಯಿನ್ 2021ರ ನವೆಂಬರಿನಲ್ಲಿ 68,000 ಡಾಲರ್ ದಾಟಿದ್ದು, ಒಂದೇ ವರ್ಷದಲ್ಲಿ 16,000ಕ್ಕಿಂತ ಕೆಳಗಿಳಿಯಿತು.

4. ಹೊರಬರುವ ದಾರಿ ಹುಡುಕಿ

ಜನ ಹಾರಿಬಿಡುವ ಹಂತ ಇದು. ಒಂದು ಸಂಜೆಯಲ್ಲಿ ಮುಗಿಯುವ ಕೆಲಸವಲ್ಲ, ಎರಡು ವಾರ ಕೊಡಿ.

ನನ್ನ ಅತ್ತಿಗೆಯ ಹೆಸರಿನಲ್ಲಿ ಎರಡು ಫ್ಲ್ಯಾಟ್ ಇದ್ದವು. ಕಾಗದದ ಮೇಲೆ ಸ್ಥಿತಿವಂತರೇ. ಅಣ್ಣನ ಚಿಕಿತ್ಸೆಗೆ ಮೂರು ವಾರದೊಳಗೆ ಹಣ ಬೇಕಾಯಿತು. ಪ್ರತಿ ಭಾನುವಾರ ಅತ್ತಿಗೆ ಪೊರಕೆ ಹಿಡಿದು ಹೋಗಿ ಖಾಲಿ ಫ್ಲ್ಯಾಟ್ ಗುಡಿಸಿ, ಕಿಟಕಿ ತೆರೆದಿಟ್ಟು, ನೋಡಲು ಬರುವವರಿಗೆ ಕಾಯುತ್ತಿದ್ದರು. ಬರುತ್ತೇನೆ ಎಂದವರಲ್ಲಿ ಅರ್ಧ ಜನ ಬರಲಿಲ್ಲ. ಬಂದವರು ಗೋಡೆಯ ತೇವಕ್ಕೆ ಬೆರಳಿಟ್ಟು ನೋಡಿದರು, ಬೆಲೆ ಕೇಳಿ ಸುಮ್ಮನಾದರು. ಮಾರಾಟವಾಗಿದ್ದು ಎಂಟು ತಿಂಗಳಿಗೆ. ಅಷ್ಟರಲ್ಲಿ ಮಾಡಿದ ಕೈಸಾಲದ ಬಡ್ಡಿ ಬೆಳೆದಿತ್ತು. ಗರಜು ಗೊತ್ತಾದ ಗಿರಾಕಿ ಬೆಲೆಯನ್ನೂ ಇಳಿಸಿದ್ದ. ಆಗ ನಾವ್ಯಾರೂ ಕೆಳಗಿನ ಪ್ರಶ್ನೆಗಳನ್ನು ಕೇಳಿಕೊಂಡಿರಲಿಲ್ಲ.

ಕಳೆದ ಒಂದು ವರ್ಷದಲ್ಲಿ ಅದೇ ಕಟ್ಟಡದಲ್ಲಿ, ಅದೇ ಬಡಾವಣೆಯಲ್ಲಿ ನಿಜವಾಗಿ ಮಾರಿದವರು ಯಾರು? ಜಾಹೀರಾತಿನಲ್ಲಿ ಕಾಣುವುದು ಮಾರುವವನ ಆಸೆ. ನಿಮಗೆ ಬೇಕಿರುವುದು ಕೈಬದಲಾದ ಬೆಲೆ, ಮತ್ತು ಅದಕ್ಕೆ ಹಿಡಿದ ತಿಂಗಳು. ಮಾರಿದ ಮೂವರನ್ನು ಹುಡುಕಿ ಮಾತಾಡಿ. ಮೂವರು ಸಿಗದಿದ್ದರೆ ಅದೇ ನಿಮ್ಮ ಉತ್ತರ.

ನಾಣ್ಯ, ಗಡಿಯಾರ, ಚಿತ್ರಕಲೆ, ವೈನ್ ಇಂಥವಾದರೆ ಇನ್ನೊಂದು ಪರೀಕ್ಷೆ. ಅದೇ ಬಗೆಯ ವಸ್ತು ನಿಮ್ಮ ಬಳಿ ಇದೆ ಎಂದು ಹೇಳಿ, ಬೇರೆ ವ್ಯಾಪಾರಿಯನ್ನು ‘ಇವತ್ತು ನೀವು ಎಷ್ಟಕ್ಕೆ ಕೊಳ್ಳುತ್ತೀರಿ?’ ಎಂದು ಕೇಳಿ. ನಿಮಗೆ 100ಕ್ಕೆ ಮಾರಲು ಹೊರಟಿದ್ದನ್ನು ಆತ 65ಕ್ಕೆ ಕೇಳಿದರೆ, ಕೊಂಡ ಮರುಕ್ಷಣವೇ ನೀವು 35 ಕಳೆದುಕೊಂಡಿರಿ. ಅದು ಅಸಲಿ ಎಂದು ಯಾರು ಪ್ರಮಾಣಿಸುತ್ತಾರೆ, ಆ ಪ್ರಮಾಣವನ್ನು ಮಾರುಕಟ್ಟೆ ಒಪ್ಪುತ್ತದೆಯೇ ಎಂಬುದನ್ನೂ ಆಗಲೇ ಕೇಳಿ. ಮಾರಿದವನೇ ಕೊಟ್ಟ ಪ್ರಮಾಣಪತ್ರಕ್ಕೆ ನಾನು ಬೆಲೆ ಕೊಡುವುದಿಲ್ಲ.

ಹಲವರ ಹಣ ಒಟ್ಟುಗೂಡಿಸಿ ಆಸ್ತಿ ಕೊಳ್ಳುವ ಫಂಡ್ ಮೂಲಕ ಹಾಕಿದರೆ ಈ ತಾಪತ್ರಯವಿಲ್ಲ, ಬೇಕೆಂದಾಗ ಹಿಂದಕ್ಕೆ ಪಡೆಯಬಹುದು ಎನ್ನುವವರಿದ್ದಾರೆ. 2016ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರಲು ಮತ ಹಾಕಿದ ಎರಡೇ ವಾರದಲ್ಲಿ ಅಲ್ಲಿನ ಹಲವು ಆಸ್ತಿ ಫಂಡ್‌ಗಳು ಹಣ ಮರಳಿಸುವುದನ್ನು ನಿಲ್ಲಿಸಿದವು. 2020ರ ಮಾರ್ಚ್‌ನಲ್ಲಿ ಮತ್ತೆ ಅದೇ ಆಯಿತು. ಕಾರಣ ಸರಳ: ಫಂಡ್ ದಿನವೂ ಹಣ ಕೊಡುವ ಮಾತು ಕೊಟ್ಟಿತ್ತು, ಅದರ ಬಳಿ ಇದ್ದದ್ದು ಮಾರಲು ತಿಂಗಳುಗಟ್ಟಲೆ ಬೇಕಾಗುವ ಕಟ್ಟಡಗಳು. ಆದ್ದರಿಂದ ಒಪ್ಪಂದದಲ್ಲಿ ಹಿಂಪಡೆಯುವಿಕೆಯ ಷರತ್ತು ಇರುವ ಪುಟ ತೆಗೆದು ಓದಿ: ಎಷ್ಟು ದಿನದ ಮುನ್ಸೂಚನೆ, ಒಂದು ತ್ರೈಮಾಸಿಕದಲ್ಲಿ ಎಷ್ಟು ಮಿತಿ, ತಡೆಹಿಡಿಯುವ ಅಧಿಕಾರ ಯಾರದು. ಮೂರೂ ನೋಟ್‌ಬುಕ್ಕಿಗೆ ಇಳಿಯಲಿ.

ಕಟ್ಟಡ ಮುಗಿಯುವ ಮೊದಲೇ ‘ಖಚಿತ ಬಾಡಿಗೆ’ ಕೊಡುವ ಯೋಜನೆಗಳಿಂದ ದೂರವಿರಿ. ಎಷ್ಟೋ ಸಲ ಆ ಬಾಡಿಗೆ ನೀವು ಕೊಟ್ಟ ಬೆಲೆಯಲ್ಲೇ ಅಡಗಿರುತ್ತದೆ. ಕ್ರಿಪ್ಟೊ ಠೇವಣಿಗೆ ಬ್ಯಾಂಕಿಗಿಂತ ಹಲವು ಪಟ್ಟು ಬಡ್ಡಿ ಕೊಡುತ್ತಿದ್ದ ಸೆಲ್ಸಿಯಸ್ ಎಂಬ ಕಂಪನಿ 2022ರ ಜೂನ್‌ನಲ್ಲಿ ಗ್ರಾಹಕರ ಹಣ ತಡೆಹಿಡಿದು, ಮರುತಿಂಗಳೇ ದಿವಾಳಿ ಅರ್ಜಿ ಹಾಕಿತು.

5. ದಾಖಲೆ

ಮೂಲಪತ್ರಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ, ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ. ಮಾರುವವರು ಕರೆತಂದ ವಕೀಲರಾಗಲಿ, ಸಾಲ ಕೊಡುವ ಬ್ಯಾಂಕಿನ ವಕೀಲರಾಗಲಿ ನಿಮ್ಮವರಲ್ಲ.

6. ಎಷ್ಟು ಪಾಲು?

ವಾಸದ ಮನೆಯನ್ನು ಈ ಲೆಕ್ಕಕ್ಕೆ ತರಬೇಡಿ. ಉಳಿದ ಉಳಿತಾಯದಲ್ಲಿ, ಬೇಗ ಮಾರಲಾಗದ ಎಲ್ಲವೂ ಸೇರಿ ಮೂರನೇ ಒಂದು ಭಾಗ ದಾಟದಿರಲಿ. ಕ್ರಿಪ್ಟೊ, ಸಂಗ್ರಹದ ವಸ್ತುಗಳು ಸೇರಿ ಇಪ್ಪತ್ತರಲ್ಲಿ ಒಂದು ಭಾಗ ಸಾಕು. ಇದು ನನ್ನ ಮಿತಿ. ಇದಕ್ಕಿಂತ ಕಡಿಮೆ ಇಟ್ಟುಕೊಂಡವರು ಪಶ್ಚಾತ್ತಾಪ ಪಟ್ಟಿದ್ದನ್ನು ನಾನು ಕಂಡಿಲ್ಲ.

7. ಮನೆಯವರಿಗೆ ತೋರಿಸಿಡಿ

ಪತ್ರಗಳು ಯಾವ ಕಪಾಟಿನಲ್ಲಿವೆ, ಲಾಕರ್ ಕೀಲಿ ಎಲ್ಲಿದೆ, ನಾಮಿನಿ ಯಾರು ಎಂದು ಬರೆದು ಮನೆಯ ಇನ್ನೊಬ್ಬರಿಗೆ ಕೊಡಿ. ಕ್ರಿಪ್ಟೊ ನಿಮ್ಮದೇ ವಾಲೆಟ್‌ನಲ್ಲಿದ್ದರೆ (ಕ್ರಿಪ್ಟೊ ಇಡುವ ಆ್ಯಪ್ ಅಥವಾ ಸಾಧನ) ಅದನ್ನು ಮತ್ತೆ ತೆರೆಯಲು ಬೇಕಾಗುವ ಗುಪ್ತಪದಗಳನ್ನು ಫೋನಿನಲ್ಲಿ ಫೋಟೊ ತೆಗೆದಿಡಬೇಡಿ. ಕಾಗದದಲ್ಲಿ ಎರಡು ಪ್ರತಿ ಬರೆದು ಎರಡು ಬೇರೆ ಜಾಗದಲ್ಲಿ ಭದ್ರವಾಗಿಡಿ; ಆ ಪದಗಳು ಕಳೆದರೆ ಮರಳಿ ಕೊಡುವ ಕಚೇರಿ ಎಲ್ಲಿಯೂ ಇಲ್ಲ.