ವೇಷವಿಲ್ಲದ ಮುಖಪುಟ: ಹಿಮ್ಮೇಳದ ಪತ್ರಿಕೆಯೊಂದನ್ನು ನಾವು ವಿನ್ಯಾಸಗೊಳಿಸಿದ ಬಗೆ

ಯಕ್ಷಗಾನದ ಪತ್ರಿಕೆಯ ಮುಖಪುಟದಲ್ಲಿ ಕಿರೀಟವೇಷವೊಂದು ಇರಲೇಬೇಕೆಂಬುದು ನಮ್ಮ ಕಾಸರಗೋಡಿನ ಕಡೆಯ ಅಲಿಖಿತ ನಿಯಮ. ಕಾಲೇಜಿನ ನಾವು ಕೆಲವರು ಸೇರಿ ಹಿಮ್ಮೇಳಕ್ಕೆಂದೇ, ಅಂದರೆ ಹಾಡುವ ಭಾಗವತರು ಮತ್ತು ಚೆಂಡೆ ಮದ್ದಳೆಯವರಿಗೆಂದೇ, ಪತ್ರಿಕೆ ಮಾಡಲು ಹೊರಟಾಗ ನಾನು ಆ ನಿಯಮವನ್ನು ಕೈಬಿಟ್ಟು ರಾಕ್ ಸಂಗೀತ ಪತ್ರಿಕೆಗಳ ನಿಯಮವನ್ನು ಹಿಡಿದೆ. ಒಬ್ಬರೇ ಭಾಗವತರು, ಎದೆಯಿಂದ ಮೇಲಿನ ಚಿತ್ರ, ತಲೆಗೆ ಮುಂಡಾಸು, ಕೈಯಲ್ಲಿ ಜಾಗಟೆ, ದೃಷ್ಟಿ ನೇರವಾಗಿ ಓದುಗನ ಕಡೆಗೆ. ಕರಡು ನೋಡಿದ ಮುದ್ರಣಾಲಯದವರು, "ವೇಷ ಇಲ್ಲದ ಆಟದ ಪುಸ್ತಕ ಯಾರಿಗೆ ಬೇಕು ಮಾರಾಯ?" ಎಂದರು, ನಮ್ಮ ಅಧ್ಯಾಪಕರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಅಚ್ಚಾದ 500 ಪ್ರತಿಗಳಲ್ಲಿ ಸುಮಾರು 400 ಪ್ರತಿಗಳು ಆ ಋತುವಿನ ಬಯಲಾಟಗಳಲ್ಲೇ ಖರ್ಚಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ವೇಷವನ್ನು ಹಾಕಿದರೆ ಅದು ಆಟದ ಪತ್ರಿಕೆಯಾಗುತ್ತದೆ, ಸಂಗೀತದ ಪತ್ರಿಕೆಯಾಗುವುದಿಲ್ಲ. ರಂಗದಲ್ಲಿ ವೇಷದ ಹಿಂದೆ ಕುಳಿತು ಇಡೀ ರಾತ್ರಿ ಆಟವನ್ನು ನಡೆಸುವ ವ್ಯಕ್ತಿಯನ್ನು ಮುಂದಕ್ಕೆ ತರಬೇಕಾದರೆ, 1952ರಲ್ಲಿ ಆರಂಭವಾದ ಎನ್‌ಎಂಇ, 1986ರಲ್ಲಿ ಆರಂಭವಾದ ಕ್ಯೂ ಮುಂತಾದ ಬ್ರಿಟಿಷ್ ಸಂಗೀತ ಪತ್ರಿಕೆಗಳು ರೂಢಿಸಿದ ಮುಖಪುಟದ ಚೌಕಟ್ಟೇ ಅತ್ಯಂತ ಹತ್ತಿರದ ದಾರಿಯಾಗಿತ್ತು. ಎನ್‌ಎಂಇಯ ವಾರದ ಮುದ್ರಿತ ಸಂಚಿಕೆ 2018ರಲ್ಲಿ ನಿಂತಿತು, ಕ್ಯೂ 2020ರಲ್ಲಿ ಮುಚ್ಚಿತು. ಕೆಂಪು, ಕಪ್ಪು, ಬಿಳಿ ಎಂಬ ಅವುಗಳ ಬಣ್ಣದ ಕಟ್ಟು ಮಾತ್ರ ಎಲ್ಲೆಡೆ ಉಳಿದಿದೆ. ಯಕ್ಷಗಾನದಲ್ಲಿ ನಮ್ಮ ಕಡೆಯ ಶೈಲಿಯಾದ ತೆಂಕುತಿಟ್ಟಿನ ವೇಷಭೂಷಣದಲ್ಲಿ ಕೆಂಪು, ಕಪ್ಪು, ಬಿಳಿ ಮೊದಲೇ ಇರುವುದರಿಂದ ನಮಗೆ ಅದನ್ನು ಎರವಲು ತಂದಂತೆಯೂ ಅನಿಸಲಿಲ್ಲ.

ಆದರೆ ಆ ಚೌಕಟ್ಟಿನ ಎಲ್ಲ ಅಂಶಗಳೂ ಇಲ್ಲಿಗೆ ಒಗ್ಗಲಿಲ್ಲ. ಆ ಪತ್ರಿಕೆಗಳು ಮುಖ್ಯ ಶೀರ್ಷಿಕೆಗಳನ್ನು ಎಡಗಡೆಯ ಮೂರನೆಯ ಒಂದು ಭಾಗದಲ್ಲಿ ಜೋಡಿಸುವುದಕ್ಕೆ ಕಾರಣ, ಅಂಗಡಿಯ ಕಪಾಟಿನಲ್ಲಿ ಒಂದರ ಮೇಲೊಂದು ಸರಿದು ನಿಂತಾಗ ಆ ಪಟ್ಟಿ ಮಾತ್ರ ಕಾಣುವುದು. ನಮ್ಮ ಬಸ್‌ನಿಲ್ದಾಣದ ಅಂಗಡಿಯಲ್ಲಿ ಪತ್ರಿಕೆಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ಮೇಲಿನಿಂದ ಕೆಳಕ್ಕೆ ಇಳಿಬಿಡುತ್ತಾರೆ. ಕಾಣುವುದು ಮೇಲಿನ ನಾಲ್ಕು ಬೆರಳಿನಷ್ಟು ಭಾಗ ಮಾತ್ರ. ಆದ್ದರಿಂದ ಶೀರ್ಷಿಕೆಗಳೆಲ್ಲವನ್ನೂ ಪತ್ರಿಕೆಯ ಹೆಸರಿನ ಮೇಲಕ್ಕೆ ಒಂದೇ ಸಾಲಾಗಿ ಏರಿಸಿದೆ. ಬಾರ್‌ಕೋಡಿನ ಜಾಗದಲ್ಲಿ ಭಾಗವತರು ಹಾಡಿದ ಒಂದು ಪದ್ಯವನ್ನು ಕೇಳಿಸುವ ಕ್ಯೂಆರ್ ಸಂಕೇತವನ್ನು ಇಟ್ಟೆ. ಆಟದ ಬಯಲಿನಲ್ಲಿ ಪತ್ರಿಕೆಯನ್ನು ಮಾರಿಕೊಟ್ಟದ್ದು ಬಹುಪಾಲು ಅದೇ.

ಪತ್ರಿಕೆಯ ಹೆಸರನ್ನು ತಲೆ ಸ್ವಲ್ಪ ಮುಚ್ಚುವಂತೆ ಚಿತ್ರವನ್ನು ಕೂರಿಸುವ ರೂಢಿ ನಮ್ಮನ್ನು ಬಹಳ ಕಾಡಿತು. ಇಂಗ್ಲಿಷಿನ ದೊಡ್ಡಕ್ಷರಗಳ ಅರ್ಧ ಮುಚ್ಚಿದರೂ ಓದಬಹುದು. ಕನ್ನಡದಲ್ಲಿ ಗುಡಿಸು, ಏತ್ವ, ತಲಕಟ್ಟು ಎಲ್ಲವೂ ಅಕ್ಷರದ ನೆತ್ತಿಯಲ್ಲಿವೆ. ಮುಂಡಾಸು ಅಲ್ಲಿಗೆ ತಾಗಿದರೆ 'ಕಿ' ಎಂಬುದು 'ಕ'ವೋ 'ಕೆ'ಯೋ ಎಂದು ತಿಳಿಯುವುದಿಲ್ಲ. ಕೊನೆಗೆ ಎರಡು ಅಕ್ಷರಗಳ ನಡುವಿನ ಸಂದಿಗೆ ಮುಂಡಾಸಿನ ತುದಿಯನ್ನು ಸೇರಿಸಿದೆ. ಆ ಸಂದಿಯನ್ನು ಅಗಲ ಮಾಡಿಯೂ ಹೆಸರು ಒಡೆದಂತೆ ಕಾಣದಿರಲು ಒಂದು ಉಪಾಯ ಬಳಸಿದ್ದೇನೆ. ಎರಡನೆಯ ಸಂಚಿಕೆ ಬರುವವರೆಗೆ ಅದು ನಮ್ಮಲ್ಲೇ ಇರಲಿ.

ಒಳಪುಟಗಳಲ್ಲಿ ಲೇಖನದ ಮೊದಲ ಅಕ್ಷರವನ್ನು ಮೂರು ಸಾಲಿನಷ್ಟು ದೊಡ್ಡದು ಮಾಡುವ ಕ್ರಮ ಎಲ್ಲರಿಗೂ ಗೊತ್ತು. ನಮ್ಮ ಮೊದಲ ಲೇಖನ 'ಶ್ರುತಿ' ಎಂಬ ಪದದಿಂದ ಆರಂಭವಾಗುತ್ತಿತ್ತು. 'ಶ್ರು'ವಿನ ಒತ್ತು ನಾಲ್ಕನೆಯ ಸಾಲಿನೊಳಕ್ಕೆ ಇಳಿದು ಅಲ್ಲಿನ ಪದಗಳನ್ನು ತುಳಿಯಿತು. ಗಾತ್ರ ಇಳಿಸಿದರೆ ಮೇಲೆ ಖಾಲಿ ಜಾಗ ಉಳಿಯಿತು. ಇದಕ್ಕೆ ವಿನ್ಯಾಸದಲ್ಲಿ ಪರಿಹಾರ ಹುಡುಕುವುದನ್ನು ಬಿಟ್ಟು, ಯಾವ ಲೇಖನವೂ ಒತ್ತಕ್ಷರದಿಂದ ಆರಂಭವಾಗಬಾರದೆಂದು ಬರೆಯುವವರಿಗೇ ತಾಕೀತು ಮಾಡಿದೆ. ಕವಿತೆ ಬರೆಯುವ ಸ್ನೇಹಿತನೊಬ್ಬ ಅದಕ್ಕಾಗಿ ಇನ್ನೂ ಮುನಿಸಿಕೊಂಡಿದ್ದಾನೆ.

ಸಂದರ್ಶನದ ಒಳ್ಳೆಯ ಮಾತೊಂದನ್ನು ದಪ್ಪಕ್ಷರದಲ್ಲಿ ಎತ್ತಿ ಹಾಕುವ ಪದ್ಧತಿಯನ್ನೂ ಮುರಿದೆವು. 1981ರಲ್ಲಿ ಆರಂಭವಾದ ಕೆರಾಂಗ್ ಪತ್ರಿಕೆ ಗಿಟಾರಿನ ಸದ್ದನ್ನೇ ತನ್ನ ಹೆಸರಾಗಿಸಿಕೊಂಡಿತ್ತು. ಹಾಗಿರುವಾಗ ಮದ್ದಳೆಯ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಬಾಯಿತಾಳವನ್ನು ಪುಟದ ತುಂಬ ಏಕೆ ಹಾಕಬಾರದು ಎಂದು 'ತಕಿಟ', 'ಧೀಂ' ಮುಂತಾದವನ್ನು ಪೆಟ್ಟಿನ ಜೋರಿಗೆ ತಕ್ಕಂತೆ ಹಿರಿದು ಕಿರಿದು ಮಾಡಿ ಎರಡು ಪುಟಗಳಲ್ಲಿ ಹರಡಿದೆ. ಮದ್ದಳೆಗಾರರೊಬ್ಬರು ಅದನ್ನು ನೋಡುತ್ತಲೇ ಮೇಜಿನ ಮೇಲೆ ನುಡಿಸಿ ತೋರಿಸಿ, ಒಂದು ಕಡೆ ಗಾತ್ರ ಕಡಿಮೆಯಾಗಿದೆ ಎಂದರು. ಚೆಂಡೆಗೂ ಇದೇ ಪ್ರಯೋಗ ನಡೆಸಿದೆವು, ಆದರೆ ಅಲ್ಲಿ ಎಲ್ಲವೂ ಜೋರೇ ಆಗಿದ್ದರಿಂದ ಪುಟ ಕಪ್ಪು ಗೋಡೆಯಾಗಿ ನಿಂತಿತು. ಆ ಪುಟವನ್ನು ಕಿತ್ತುಹಾಕಿದೆವು.

ಹಣದ ವಿಷಯಕ್ಕೆ ಬಂದರೆ, ಒಳಪುಟಗಳೂ ಸೇರಿ ಪೂರ್ಣ ಬಹುವರ್ಣಕ್ಕೆ ಮಂಗಳೂರಿನಲ್ಲಿ ಸುಮಾರು ₹36,000 ಕೇಳಿದರು. ಮುಖಪುಟಕ್ಕೆ ಮಾತ್ರ ಬಹುವರ್ಣ, ಒಳಗಿನ 32 ಪುಟಗಳಿಗೆ ಕಪ್ಪು ಮತ್ತು ಒಂದೇ ಕೆಂಪು ಎಂದು ನಿಶ್ಚಯಿಸಿದ ಮೇಲೆ ಅದು ₹21,000ದ ಆಸುಪಾಸಿಗೆ ಇಳಿಯಿತು. ಅಡಿಕೆ ವ್ಯಾಪಾರಿಗಳೂ ಚೆಂಡೆ ಮದ್ದಳೆಯ ಚರ್ಮ ಮುಚ್ಚುವವರೂ ಕೊಟ್ಟ ಜಾಹೀರಾತಿನಿಂದ ಆರೇಳು ಸಾವಿರ ಬಂತು; ಬೆಲೆ ₹50 ಇಟ್ಟೆವು, ಕೈಯಿಂದ ಹಾಕಿದ ದುಡ್ಡು ಮರಳಿ ಸ್ವಲ್ಪ ಉಳಿಯಿತು.

ನಷ್ಟವೂ ಆಯಿತು. ಮೊದಲು ಕೊಟ್ಟ ಮುದ್ರಣಾಲಯದಲ್ಲಿ ನಮ್ಮ ಯೂನಿಕೋಡ್ ಪಠ್ಯವನ್ನು ತಮ್ಮ ಹಳೆಯ ಫಾಂಟಿಗೆ ಬದಲಿಸಿಕೊಂಡಿದ್ದರು. 'ಕರ್ಣಪರ್ವ'ದ ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಹಾರಿದ್ದವು, ಪ್ಲೇಟಿನ ದುಡ್ಡು ಮೂರು ಸಾವಿರದಷ್ಟು ಹೋಯಿತು. ಬೇರೆ ಕಡೆಗೆ ಫಾಂಟುಗಳನ್ನು ಒಳಗೊಂಡ ಪಿಡಿಎಫ್ ಕೊಟ್ಟು, ಅದನ್ನು ತೆರೆದು ತಿದ್ದಕೂಡದೆಂದು ಬರೆಸಿಕೊಂಡೆ. ಕೆಂಪು ಹಿನ್ನೆಲೆಯ ಮೇಲಿನ ಕಪ್ಪು ಅಕ್ಷರಗಳ ಸುತ್ತ ಬಿಳಿ ಗೆರೆ ಇಣುಕುತ್ತಿದ್ದುದು ಓವರ್‌ಪ್ರಿಂಟ್ ಹಾಕಿಸಿದ ಮೇಲೆ, ಅಂದರೆ ಕೆಂಪಿನ ಮೇಲೆಯೇ ಕಪ್ಪನ್ನು ಅಚ್ಚು ಹಾಕಿಸಿದ ಮೇಲೆ, ಸರಿಯಾಯಿತು.

ಎರಡನೆಯ ಸಂಚಿಕೆಗೆ ಮದ್ದಳೆಗಾರರ ಮುಖವನ್ನು ಹಾಕುವುದೆಂದು ಎಲ್ಲರೂ ಒಪ್ಪಿದ್ದಾರೆ. ಈ ಬಾರಿ ವೇಷದ ಮಾತನ್ನು ಯಾರೂ ಎತ್ತಲಿಲ್ಲ. ಖರ್ಚು ಇಳಿಸಲು ಒಳಗಿನ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಕಾಗದವನ್ನು ತೆಳುವಾದ 70ಕ್ಕೆ ತರೋಣ ಎಂಬ ಸಲಹೆಗೆ ಮಾತ್ರ ನಾನು ಒಪ್ಪಿಲ್ಲ: ಬಾಯಿತಾಳದ ಪುಟಗಳ ಕೆಂಪು ಅದರಲ್ಲಿ ಹಿಂಬದಿಗೆ ಮೂಡುತ್ತದೆ.