ಕೊಪ್ಲಾ ಹಾಡನ್ನು ಬುಲೆರಿಯಾ ಲಯಕ್ಕೆ ಕೂರಿಸುವ ಬಗೆ

ಕೊಪ್ಲಾ ಎಂಬ ಬಗೆಯ ಸ್ಪೇನಿನ ಜನಪ್ರಿಯ ಹಾಡೊಂದನ್ನು, ದಕ್ಷಿಣ ಸ್ಪೇನಿನ ಸಂಗೀತವಾದ ಫ್ಲಮೆಂಕೊದ ಬುಲೆರಿಯಾ ಲಯದಲ್ಲಿ ಹಾಡುವುದಕ್ಕೆ ‘ಕುಪ್ಲೆ ಪೋರ್ ಬುಲೆರಿಯಾಸ್’ ಎನ್ನುತ್ತಾರೆ. ಉತ್ರೇರಾ ಊರಿನ ಗಾಯಕಿ ಬೆರ್ನಾರ್ದಾ ಇದರಲ್ಲಿ ಎತ್ತಿದ ಕೈ ಎನಿಸಿದ್ದಳು. ಕಲಿಯುವವರು ಮೊದಲು ಆಕೆಯ ಹಾಡನ್ನು ಕೇಳಬೇಕು.

ಹಾಡನ್ನು ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಕಿಂತೇರೊ, ಲೆಯೋನ್, ಕಿರೋಗಾ ಎಂಬ ರಚನಕಾರ ತ್ರಯರ ಕೊಪ್ಲಾಗಳು ಆರ್ಕೆಸ್ಟ್ರಾಕ್ಕೆಂದು ಕಟ್ಟಿದ ಪುಟ್ಟ ನಾಟಕಗಳು: ಒಂದು ಕಥೆ, ಚರಣಗಳು, ಮತ್ತೆ ಮತ್ತೆ ಬರುವ ಪಲ್ಲವಿ. ಫ್ಲಮೆಂಕೊ ಗಾಯನದಲ್ಲಿ ಹಾಗಿಲ್ಲ. ಅಲ್ಲಿ ಮೂರು ನಾಲ್ಕು ಸಾಲಿನ ಬಿಡಿ ಪದ್ಯ ಬರುತ್ತದೆ, ಮುಂದಿನ ಪದ್ಯಕ್ಕೂ ಅದಕ್ಕೂ ನಂಟು ಬೇಕಿಲ್ಲ. ಆದ್ದರಿಂದ ಇಡೀ ಹಾಡನ್ನು ಹೊರಬೇಡಿ. ಪಲ್ಲವಿಯನ್ನೂ ಒಂದು ಚರಣವನ್ನೂ ಇಟ್ಟುಕೊಂಡರೆ ಸಾಕು. ಎಂಟು ಅಕ್ಷರದ ಸಾಲು, ಮೈನರ್ ಸ್ವರಶ್ರೇಣಿ ಇದ್ದರೆ ಸಲೀಸು.

ಇನ್ನು ಲಯ. ಹನ್ನೆರಡು ಎಣಿಕೆಯ ಆವರ್ತವನ್ನು 12ರಿಂದಲೇ ಎಣಿಸಿ: ಒತ್ತು 12, 3, 6, 8, 10ರ ಮೇಲೆ. ನಮ್ಮ ಬಾಯಿಗೆ ಇದು ‘ತಕಿಟ ತಕಿಟ ತಕ ತಕ ತಕ’. ಪ್ರತಿ ಗುಂಪಿನ ಮೊದಲ ‘ತ’ಕ್ಕೆ ಚಪ್ಪಾಳೆ ಹೊಡೆಯಿರಿ. ಲಯ ಮಿಡಿಯುವ ಯಂತ್ರವಾದ ಮೆಟ್ರೊನೋಮನ್ನು ನಿಮಿಷಕ್ಕೆ 100 ಎಣಿಕೆಗಿಟ್ಟು ಶುರುಮಾಡಿ, ತಪ್ಪದೆ ಬಂದ ಮೇಲೆ ಮೆಲ್ಲಗೆ 200ರತ್ತ ಏರಿಸಿ. ವೇಗ ಬೇಗ ಏರಿಸಿದವರಿಗೆ ಕೊನೆಯ ಮೂರು ‘ತಕ’ಗಳು ತಕಿಟಗಳಾಗಿ ಕರಗಿ, ಹಾಡು ಮೂರೆಣಿಕೆಯ ವಾಲ್ಟ್ಜ್ ಕುಣಿತವಾಗಿಬಿಡುತ್ತದೆ.

ಕರ್ನಾಟಕ ಸಂಗೀತ ಕಲಿತವರು ಎಡವುವ ಜಾಗ ಬೇರೆ. ಅವರ ಕಿವಿ ಸಾಲನ್ನು ಸಮಕ್ಕೆ, ಅಂದರೆ ಆವರ್ತದ ಮೊದಲ ಎಣಿಕೆಗೆ, ಎಳೆದು ತಂದು 12ರಲ್ಲಿ ಇಳಿಸಲು ನೋಡುತ್ತದೆ. ಇಲ್ಲಿ ಇಳಿಯಬೇಕಾದ್ದು 10ರಲ್ಲಿ, ಅಂದರೆ ಕೊನೆಯ ‘ತಕ’ದ ‘ತ’ದ ಮೇಲೆ. ಸಾಲಿನ ಕೊನೆಯ ಪದದಲ್ಲಿ ಒತ್ತು ಬೀಳುವ ಅಕ್ಷರ ಅಲ್ಲಿಗೆ ಬರುವಂತೆ ಹಿಂದಿನಿಂದ ಲೆಕ್ಕ ಹಾಕಿ ಎತ್ತಿಕೊಳ್ಳಿ. ಉಳಿದ ಜಾಗ ಗಿಟಾರಿನದು. ಮೂಲ ಮಟ್ಟು ಉದ್ದವಾಗಿ ಹರಿಯುವಂಥದ್ದಾದರೆ ಆರೆಣಿಕೆಯ ಅರ್ಧ ಆವರ್ತಗಳಲ್ಲಿ ಸಾಗಿಸಿ, ಚರಣದ ಕೊನೆಯನ್ನು ಮಾತ್ರ 10ಕ್ಕೆ ಕಟ್ಟಿ.

ಗಿಟಾರಿಗ ‘ಪೋರ್ ಮೇದಿಯೊ’ ಎಂಬ ಹಿಡಿತ ಹಿಡಿದರೆ ಬುಲೆರಿಯಾದ ಮನೆ, ಅಂದರೆ ಕೊನೆಗೆ ಬಂದು ನಿಲ್ಲುವ ಕಾರ್ಡ್, ಎ ಮೇಜರ್; ಸ್ವರಗಳಲ್ಲಿ ವಕುಳಾಭರಣ ರಾಗದ ಛಾಯೆಯಿದೆ. ಕೊಪ್ಲಾವನ್ನು ಡಿ ಮೈನರ್‌ನಲ್ಲಿ ಹಾಡಿ. ಕೊನೆಗೆ ಡಿ ಮೈನರ್, ಸಿ, ಬಿ ಫ್ಲ್ಯಾಟ್, ಎ ಎಂದು ಇಳಿದರೆ ಹಾಡು ಫ್ಲಮೆಂಕೊದ ಮನೆ ಸೇರುತ್ತದೆ. ಡಿ ಮೈನರ್‌ನಲ್ಲೇ ನಿಂತರೆ ತಾಳವಷ್ಟೇ ಬದಲಾದ ಸಿನಿಮಾ ಹಾಡಿನಂತೆ ಕೇಳುತ್ತದೆ. ಶ್ರುತಿ ನಿಮ್ಮ ಕಂಠಕ್ಕೆ ಹೊಂದದಿದ್ದರೆ ಗಿಟಾರಿನ ಕತ್ತಿಗೆ ಹಾಕುವ ಕೇಪೊ ಕ್ಲಿಪ್ಪನ್ನು ಸರಿಸಿದರಾಯಿತು, ಕಾರ್ಡ್ ಹಿಡಿತ ಬದಲಾಗದು.

ಗಮಕಕ್ಕೆ ಕಡಿವಾಣವಿರಲಿ. ಕೊಪ್ಲಾದ ಜೀವ ಮಾತಿನಲ್ಲಿದೆ, ಪದ ಕೇಳಿಸದಿದ್ದರೆ ಕಥೆ ಸತ್ತಂತೆ. ಎಳೆಯುವುದಾದರೆ ಸಾಲಿನ ಕೊನೆಯ ಸ್ವರಾಕ್ಷರವನ್ನು ಎಳೆಯಿರಿ. ಗಂಟಲು ಬಿಗಿದು ಒರಟು ದನಿ ತರಿಸಿದರೆ ‘ಹೊಂದೊ’ (ಆಳದ ಗಾಯನ) ಆಗುವುದಿಲ್ಲ, ಗಂಟಲು ಕೆಡುತ್ತದಷ್ಟೆ.

ಇದು ಬೆರಕೆಯಲ್ಲವೇ ಎಂದು ಕೇಳುವವರಿದ್ದಾರೆ. ಹಳೆಯ ಫ್ಲಮೆಂಕೊ ಗಾಯನವನ್ನು ವೇದಿಕೆಯ ಥಳುಕಿನಿಂದ ಕಾಪಾಡಲೆಂದೇ ಸಂಗೀತ ರಚನಕಾರ ಮನುಯೆಲ್ ದೆ ಫಾಯಾ ಮತ್ತು ಕವಿ ಗಾರ್ಸಿಯಾ ಲೋರ್ಕಾ ಮುಂದೆ ನಿಂತು 1922ರಲ್ಲಿ ಗ್ರನಾಡಾದಲ್ಲಿ ಸ್ಪರ್ಧೆ ನಡೆಸಿದರು. ಅಲ್ಲಿ ಬಹುಮಾನ ಗೆದ್ದ ಹನ್ನೆರಡರ ಹುಡುಗ ಮನೋಲೊ ಕರಕೋಲ್ ಮುಂದೆ ಆರ್ಕೆಸ್ಟ್ರಾ ಜೊತೆ, ಗಾಯಕಿ ಲೋಲಾ ಫ್ಲೋರೆಸ್ ಸಂಗಡ, ವೇದಿಕೆ ವೇದಿಕೆಯಲ್ಲೂ ಹಾಡಿದ. ಅಂದಮೇಲೆ ಬೆರಕೆಗೆ ಅಂಜಬೇಕಿಲ್ಲ.

ಚಪ್ಪಾಳೆಯವರಿಗೂ ಹೇಳಿಡಿ: ಹಾಡು ನಡೆಯುವಾಗ ಅಂಗೈ ಗುಳಿಮಾಡಿ ತಗ್ಗಿದ ‘ಸೋರ್ದಾಸ್’, ಗಿಟಾರ್ ಒಂದೇ ನುಡಿಯುವಾಗ ಚುರುಕಾದ ‘ಕ್ಲಾರಾಸ್’.